ತಿಂಗಳಿಗೊಂದು ನ್ಯುಮೋನಿಯಾ ಯಾಕೆ? ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳ ಎದೆಯೊಳಗೆ ನಡೆಯುವುದೇನು

ಮದ್ದೂರು ಕಡೆಯ ನಮ್ಮ ನೆಂಟರ ಮನೆಯ ಮಗುವಿಗೆ ಈಗ ಮೂರು ವರ್ಷ. ಆರನೇ ತಿಂಗಳಿಂದ ಕೆಮ್ಮು. ಮೊದಲು ನ್ಯುಮೋನಿಯಾ ಅಂದರು. ಆಮೇಲೆ ವೀಜಿಂಗ್ ಅಂದರು. ಅದಾದ ಮೇಲೆ ಆರು ತಿಂಗಳು ಟಿ.ಬಿ. ಔಷಧಿಯೂ ಆಯಿತು. ಆಸ್ಪತ್ರೆಯಿಂದ ಬಂದು ಹದಿನೈದು ದಿನ ಚೆನ್ನಾಗಿರುತ್ತಿದ್ದ, ಮತ್ತೆ ಶುರು. ಊರಲ್ಲಿ ಎಲ್ಲರದ್ದೂ ಒಂದೊಂದು ಮಾತು. ಬಾಳೆಹಣ್ಣು ಕೊಟ್ಟಿದ್ದಕ್ಕೆ ಅಂತ ಒಬ್ಬರು, ತಲೆಗೆ ನೀರು ಹಾಕಿ ಸರಿಯಾಗಿ ಒರೆಸಿಲ್ಲ ಅಂತ ಇನ್ನೊಬ್ಬರು, ಮಗುವಿಗೆ ಶಕ್ತಿನೇ ಇಲ್ಲ ಅಂತ ಮತ್ತೊಬ್ಬರು. ಎಲ್ಲ ಮಾತೂ ಸುತ್ತಿ ಬಳಸಿ ತಾಯಿಯ ತಲೆಗೇ ಬಂದು ಕೂರುತ್ತಿತ್ತು. ಕೊನೆಗೆ ಬೆಂಗಳೂರಿನಲ್ಲಿ ಬೆವರಿನ ಪರೀಕ್ಷೆ ಮಾಡಿಸಿದಾಗ ಸಿಸ್ಟಿಕ್ ಫೈಬ್ರೋಸಿಸ್ ಅಂತ ಗೊತ್ತಾಯಿತು.

ಅವತ್ತಿಂದ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ. ಹಾಗಂದ್ರೆ ಏನು? ಒಂದು ಸಲ ಔಷಧಿ ಕೊಟ್ಟರೆ ಪೂರ್ತಿ ಯಾಕೆ ವಾಸಿಯಾಗಲ್ಲ? ವೈದ್ಯರ ಮುಂದೆ ಕೂತು ಕೇಳಿ, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಮಕ್ಕಳಿಗೆ ಶಕ್ತಿ ಕಡಿಮೆಯಲ್ಲ. ಶ್ವಾಸನಾಳದ ಒಳಗೆ ನೀರು ಕಡಿಮೆ. ಮಿಕ್ಕಿದ್ದೆಲ್ಲ ಅದರಿಂದಲೇ ಹುಟ್ಟುತ್ತದೆ.

ಹೆಸರು ದಾರಿ ತಪ್ಪಿಸುತ್ತದೆ

ಸಿಸ್ಟ್ ಅಂದರೆ ನೀರುಗುಳ್ಳೆ. ಫೈಬ್ರೋಸಿಸ್ ಅಂದರೆ ಮೆತ್ತಗಿರಬೇಕಾದ ಜಾಗ ಗಾಯ ಮಾಗಿದ ಹಾಗೆ ನಾರುನಾರಾಗುವುದು. 1938ರಲ್ಲಿ ನ್ಯೂಯಾರ್ಕಿನ ಡೊರೊತಿ ಆಂಡರ್ಸನ್ ಎಂಬ ವೈದ್ಯೆ, ತೀರಿಹೋದ ಮಕ್ಕಳ ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಹೊಟ್ಟೆಯಲ್ಲಿ ಊಟ ಅರಗಿಸುವ ರಸ ಮಾಡುವ ಪ್ಯಾಂಕ್ರಿಯಾಸ್‌ನಲ್ಲಿ, ಇವೆರಡನ್ನೂ ಕಂಡರು. ಹೆಸರು ಅಲ್ಲಿಂದ ಬಂತು. ಅದಕ್ಕೇ ಹೆಸರಿನಲ್ಲಿ ಕೆಮ್ಮಿನ ಸುಳಿವೇ ಇಲ್ಲ. ಆದರೆ ಈ ಮಕ್ಕಳನ್ನು ಹೆಚ್ಚಾಗಿ ಕಾಡುವುದು ಶ್ವಾಸಕೋಶದ ಸೋಂಕು. ವೈದ್ಯರು ಚಿಕ್ಕದಾಗಿ ಸಿಎಫ್ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಇದು ನಮ್ಮ ಕಡೆ ಬರುವ ಕಾಯಿಲೆಯಲ್ಲ, ಬಿಳಿಯರಿಗೆ ಮಾತ್ರ ಬರುತ್ತೆ ಅನ್ನುವ ನಂಬಿಕೆ ತುಂಬ ಕಾಲ ಇತ್ತು. ಅವರಲ್ಲಿ ಜಾಸ್ತಿ ಅನ್ನುವುದು ನಿಜ. ಆದರೆ ಭಾರತದ ಮಕ್ಕಳಲ್ಲೂ ಇದೆ ಅಂತ 1960ರ ದಶಕದಲ್ಲೇ ವರದಿಯಾಗಿದೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಇದು ಬೇರೆ ಕಾಯಿಲೆಯ ಹೆಸರಲ್ಲೇ ಕಳೆದುಹೋಗುತ್ತದೆ.

ಕೆಟ್ಟುಹೋದ ತೂಬು

ಸೌತೆಕಾಯಿ ಹೋಳಿಗೆ ಉಪ್ಪು ಸವರಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಡುತ್ತದೆ, ಅಲ್ವಾ? ಉಪ್ಪು ಎಲ್ಲಿಗೆ ಹೋಗುತ್ತದೋ ನೀರು ಅದರ ಹಿಂದೆ ಹೋಗುತ್ತದೆ. ನಮ್ಮ ದೇಹವೂ ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವುದು ಇದೇ ಉಪಾಯದಿಂದ.

ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರೈಡ್ ಎರಡರ ಜೋಡಿ. ಶ್ವಾಸನಾಳದ ಒಳಗೋಡೆಯ ಜೀವಕೋಶಗಳಲ್ಲಿ ಕ್ಲೋರೈಡ್ ಹೊರಗೆ ಹೋಗಲು ಸಣ್ಣ ಸಣ್ಣ ಬಾಗಿಲುಗಳಿವೆ. ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬು ಇದ್ದ ಹಾಗೆ. ಈ ತೂಬಿನ ಹೆಸರು ಸಿಎಫ್‌ಟಿಆರ್. ಅದು ತೆರೆದರೆ ಕ್ಲೋರೈಡ್ ಹೊರಗೆ ಬರುತ್ತದೆ, ಹಿಂದೆಯೇ ನೀರು ಬರುತ್ತದೆ, ಶ್ವಾಸನಾಳದ ಒಳಗೋಡೆ ತೆಳ್ಳಗೆ ತೇವವಾಗಿರುತ್ತದೆ.

ಸಿಎಫ್ ಮಗುವಿನಲ್ಲಿ ಈ ತೂಬು ಕೆಲಸ ಮಾಡುವುದಿಲ್ಲ. ಕೆಲವರಲ್ಲಿ ತೂಬೇ ತಯಾರಾಗುವುದಿಲ್ಲ. ಕೆಲವರಲ್ಲಿ ತಯಾರಾದರೂ ಸರಿಯಾದ ಜಾಗಕ್ಕೆ ಬಂದು ಕೂರುವುದಿಲ್ಲ. ಇನ್ನು ಕೆಲವರಲ್ಲಿ ಜಾಗದಲ್ಲೇ ಇದ್ದರೂ ಬಾಗಿಲು ತೆರೆಯುವುದಿಲ್ಲ. ತೂಬು ಹೇಗೆ ಮಾಡಬೇಕು ಅನ್ನುವ ಬರಹ ಏಳನೇ ವರ್ಣತಂತುವಿನ ಒಂದು ಜೀನ್‌ನಲ್ಲಿದೆ. ಅದನ್ನು ವಿಜ್ಞಾನಿಗಳು ಕಂಡುಹಿಡಿದದ್ದು 1989ರಲ್ಲಿ. ಆ ಬರಹದಲ್ಲಿ ಆಗಬಹುದಾದ ಬದಲಾವಣೆಗಳು 2000ಕ್ಕೂ ಹೆಚ್ಚು ಸಿಕ್ಕಿವೆ. ಹಾಗಾಗಿ ಸಿಎಫ್ ಒಂದೇ ಆದರೂ ಒಬ್ಬೊಬ್ಬ ಮಗುವಿನಲ್ಲಿ ಒಂದೊಂದು ಥರ.

ಕಬ್ಬಿನ ಹಾಲು ಪಾಕವಾದ ಹಾಗೆ

ಕಫ ಅಂದರೆ ಕೆಟ್ಟದ್ದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಎಲ್ಲರ ಶ್ವಾಸನಾಳದಲ್ಲೂ ದಿನವಿಡೀ ಸ್ವಲ್ಪ ಲೋಳೆ ತಯಾರಾಗುತ್ತಲೇ ಇರುತ್ತದೆ. ಉಸಿರಿನ ಜೊತೆ ಒಳಗೆ ಹೋದ ಧೂಳು, ಹೊಗೆ, ಕ್ರಿಮಿ ಎಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಲೋಳೆಯ ಕೆಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರೋಮಗಳಿವೆ. ಗಾಳಿಗೆ ಭತ್ತದ ಗದ್ದೆ ಒಂದೇ ಕಡೆ ಬಾಗಿ ಏಳುತ್ತದಲ್ಲ, ಹಾಗೆ ಇವು ಸೆಕೆಂಡಿಗೆ ಸುಮಾರು ಹತ್ತು ಸಲ ಬಡಿಯುತ್ತಾ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಅಲ್ಲಿಗೆ ಬಂದದ್ದನ್ನು ನಮಗೆ ಗೊತ್ತೇ ಆಗದಂತೆ ನುಂಗಿಬಿಡುತ್ತೇವೆ. ಕಸ ಹೊರಗೆ ಹೋಯಿತು, ಮುಗೀತು.

ಇದೆಲ್ಲ ನಡೆಯಬೇಕಾದರೆ ಲೋಳೆ ತೆಳ್ಳಗಿರಬೇಕು. ಆಲೆಮನೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಹೇಗೆ ಬೇಕಾದರೂ ಹರಿಸಬಹುದು. ಕೊಪ್ಪರಿಗೆಯಲ್ಲಿ ಕುದಿದು ನೀರು ಆರಿದ ಮೇಲೆ ಅದೇ ಹಾಲು ಪಾಕ. ಸೌಟು ಆಡಿಸುವುದೂ ಕಷ್ಟ, ಎಲ್ಲಿ ಬಿತ್ತೋ ಅಲ್ಲೇ ಅಂಟಿಕೊಳ್ಳುತ್ತದೆ. ಸಿಎಫ್ ಮಗುವಿನ ಕಫ ಆ ಪಾಕದ ಹಾಗೆ. ರೋಮಗಳು ಅದರ ಕೆಳಗೆ ಸಿಕ್ಕಿಕೊಂಡು ಮಲಗಿಬಿಡುತ್ತವೆ. ಬಡಿಯುವುದಕ್ಕೆ ಜಾಗವೇ ಇರುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಆ ತೂಬಿನಿಂದ ಬೈಕಾರ್ಬನೇಟ್ ಕೂಡ ಹೊರಗೆ ಬರಬೇಕು, ಅಡುಗೆ ಸೋಡಾದಲ್ಲಿ ಇರುವ ಅಂಶವೇ ಅದು. ಲೋಳೆ ಸರಿಯಾಗಿ ಬಿಡಿಬಿಡಿಯಾಗಿ ಹರಡಿಕೊಳ್ಳಲು ಅದು ಬೇಕು. ಕ್ರಿಮಿಗಳನ್ನು ಕೊಲ್ಲಲು ಶ್ವಾಸನಾಳ ತಾನೇ ಮಾಡಿಕೊಳ್ಳುವ ವಸ್ತುಗಳು ಚೆನ್ನಾಗಿ ಕೆಲಸ ಮಾಡುವುದಕ್ಕೂ ಅದು ಬೇಕು. ಅದೂ ಇಲ್ಲಿ ಕಡಿಮೆ.

ಒಂದು ನೆಗಡಿ ಬಂದರೆ ಏನಾಗುತ್ತದೆ

ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲಿ. ಸಿಎಫ್ ಮಕ್ಕಳಿಗೂ ನೆಗಡಿ ಬರುತ್ತೆ. ಅದು ಹೋಗುವಾಗ ಏನು ಬಿಟ್ಟುಹೋಗುತ್ತದೆ ಅನ್ನುವುದರಲ್ಲಿ ವ್ಯತ್ಯಾಸ. ಬೇರೆ ಮಗು ವಾರದಲ್ಲಿ ಕಫ ಕೆಮ್ಮಿ ಹೊರಹಾಕಿ ಆಟಕ್ಕೆ ಓಡುತ್ತದೆ. ಈ ಮಗುವಿನ ಕಫ ಸಣ್ಣ ಸಣ್ಣ ಶ್ವಾಸನಾಳಗಳಲ್ಲಿ ಕಟ್ಟಿಕೊಂಡು ಅಲ್ಲೇ ಉಳಿಯುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುವ ಹಾಗೆ, ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಆಗ ದೇಹ ಸುಮ್ನೆ ಕೂರುವುದಿಲ್ಲ. ಬಿಳಿ ರಕ್ತಕಣಗಳನ್ನು ದಂಡುದಂಡಾಗಿ ಕಳಿಸುತ್ತದೆ. ಇಲ್ಲಿ ಗಮನಿಸಿ, ಈ ಮಕ್ಕಳ ಸೈನ್ಯ ದುರ್ಬಲವಲ್ಲ. ಅದು ಬರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಬರುತ್ತದೆ. ಆದರೆ ಪಾಕದಲ್ಲಿ ಸಿಕ್ಕಿದ ಇರುವೆಗಳ ಹಾಗೆ ಅಂಟಿನಲ್ಲೇ ಒದ್ದಾಡಿ ಸಾಯುತ್ತದೆ. ಸತ್ತ ಬಿಳಿಕಣಗಳು ಒಡೆದಾಗ ಅವುಗಳ ಒಳಗಿದ್ದ ಡಿಎನ್‌ಎ ಎಳೆಎಳೆಯಾಗಿ ಹೊರಗೆ ಬಂದು ಕಫಕ್ಕೆ ಸೇರುತ್ತದೆ, ಮೊದಲೇ ಗಟ್ಟಿಯಾಗಿದ್ದದ್ದು ನೂಲು ಸುತ್ತಿದ ಹಾಗೆ ಇನ್ನೂ ಗಟ್ಟಿಯಾಗುತ್ತದೆ. ಕ್ರಿಮಿಗಳನ್ನು ಕರಗಿಸಲು ಅವು ತಂದಿದ್ದ ರಸಗಳೂ ಚೆಲ್ಲಿ, ಶ್ವಾಸನಾಳದ ಗೋಡೆಯನ್ನೇ ಕೊರೆಯಲು ಶುರುಮಾಡುತ್ತವೆ.

ಹೀಗೆ ಮತ್ತೆ ಮತ್ತೆ ಆದಾಗ ಗೋಡೆ ಸಡಿಲವಾಗಿ, ಕೊಳವೆ ಅಗಲವಾಗಿ, ಚೀಲದಂತೆ ಜೋತುಬೀಳುತ್ತದೆ. ಬ್ರಾಂಕಿಯೆಕ್ಟಾಸಿಸ್ ಅಂತ ಸಿ.ಟಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಬರೆದಿರುತ್ತಾರಲ್ಲ, ಅದು ಇದೇ. ದಡ ಕುಸಿದ ನಾಲೆಯಲ್ಲಿ ಹೂಳು ಇನ್ನೂ ಬೇಗ ತುಂಬುವ ಹಾಗೆ, ಆ ಚೀಲಗಳಲ್ಲಿ ಕಫ ಇನ್ನೂ ಸುಲಭವಾಗಿ ನಿಲ್ಲುತ್ತದೆ. ಕಫ ನಿಂತರೆ ಸೋಂಕು, ಸೋಂಕು ಬಂದರೆ ಗೋಡೆಗೆ ಏಟು, ಏಟು ಬಿದ್ದರೆ ಮತ್ತೆ ಕಫ. ಆಂಟಿಬಯೋಟಿಕ್ ಕೊಟ್ಟಾಗ ಕ್ರಿಮಿ ಕಡಿಮೆಯಾಗಿ ಮಗು ಚೇತರಿಸಿಕೊಳ್ಳುತ್ತದೆ. ಆದರೆ ತೂಬು ಮುಚ್ಚೇ ಇದೆ, ಕಫ ಗಟ್ಟಿಯೇ ಇದೆ. ಅದಕ್ಕೇ ಹದಿನೈದು ದಿನಕ್ಕೆ ಮತ್ತೆ ಅದೇ ಕೆಮ್ಮು. ಔಷಧಿ ಕೊಟ್ಟವರೂ ತಪ್ಪಲ್ಲ, ಕುಡಿಸಿದವರೂ ತಪ್ಪಲ್ಲ. ಅದು ಅರ್ಧ ಕೆಲಸ ಅಷ್ಟೆ.

ಒಂದು ಸಮಾಧಾನದ ಸಂಗತಿ ಅಂದರೆ, ಹುಟ್ಟುವಾಗ ಈ ಮಕ್ಕಳ ಶ್ವಾಸಕೋಶ ಹೆಚ್ಚುಕಡಿಮೆ ಚೆನ್ನಾಗೇ ಇರುತ್ತದೆ. ಹಾಳಾಗುವುದು ಆಮೇಲೆ, ಸೋಂಕಿನಿಂದ ಸೋಂಕಿಗೆ. ಬೇಗ ಗೊತ್ತಾದಷ್ಟೂ ಹೆಚ್ಚು ಉಳಿಸಿಕೊಳ್ಳಬಹುದು.

ಯಾವ ಕ್ರಿಮಿಗಳು, ಯಾವಾಗ

ಎಳೆ ವಯಸ್ಸಿನಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಟಫೈಲೋಕಾಕಸ್ ಮತ್ತು ಹೀಮೋಫಿಲಸ್. ಸ್ಟಫೈಲೋಕಾಕಸ್ ಅಂದರೆ ಚರ್ಮದ ಮೇಲೆ ಕುರು ಎಬ್ಬಿಸುವ ಬ್ಯಾಕ್ಟೀರಿಯಾವೇ. ವಯಸ್ಸಾಗುತ್ತಾ ಹೆಚ್ಚು ತೊಂದರೆ ಕೊಡುವುದು ಸೂಡೊಮೊನಾಸ್. ಇದು ಇರುವುದು ಒದ್ದೆ ಜಾಗದಲ್ಲಿ: ಮಣ್ಣು, ನಿಂತ ನೀರು, ಬಚ್ಚಲಿನ ಮೋರಿ, ಸಿಂಕಿನ ತೂತು. ಆರೋಗ್ಯವಾಗಿರುವವರಿಗೆ ಅದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ.

ಸಿಎಫ್ ಎದೆಯಲ್ಲಿ ಅದು ಮೊದಲು ಬಿಡಿಬಿಡಿಯಾಗಿ ಇರುತ್ತದೆ. ಆ ಹಂತದಲ್ಲಿ ಸಿಕ್ಕಿದರೆ ಪೂರ್ತಿ ಓಡಿಸಲು ಆಗುತ್ತದೆ. ಟೊಬ್ರಾಮೈಸಿನ್ ಎಂಬ ಆಂಟಿಬಯೋಟಿಕ್ ಅನ್ನು 28 ದಿನ ನೆಬುಲೈಸರ್‌ನಲ್ಲಿ, ಅಂದರೆ ಔಷಧಿಯನ್ನು ಮಂಜಿನ ಹಾಗೆ ಮಾಡುವ ಯಂತ್ರದಲ್ಲಿ, ಉಸಿರಿನ ಜೊತೆ ಎಳೆದುಕೊಳ್ಳುವುದು ಇದಕ್ಕೆ ಕೊಡುವ ಒಂದು ಮುಖ್ಯ ಚಿಕಿತ್ಸೆ. ಬಿಟ್ಟರೆ ಅದು ತನ್ನ ಸುತ್ತ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತದೆ. ಕಲ್ಯಾಣಿ ಮೆಟ್ಟಿಲಿನ ಪಾಚಿ ನೋಡಿ, ಮೇಲೆ ಎಷ್ಟು ನೀರು ಸುರಿದರೂ ಕಲ್ಲು ಬಿಡುವುದಿಲ್ಲ. ಇದೂ ಹಾಗೇ. ಔಷಧಿ ಮೇಲ್ಪದರವನ್ನು ಮುಟ್ಟಬಹುದು, ಬೇರಿಗೆ ತಲುಪುವುದಿಲ್ಲ. ಇದಕ್ಕಾಗಿಯೇ ಮಗು ಚೆನ್ನಾಗಿದ್ದಾಗಲೂ ಸುಮಾರು ಮೂರು ತಿಂಗಳಿಗೊಮ್ಮೆ ಕಫ ಪರೀಕ್ಷೆಗೆ ಕರೆಯುತ್ತಾರೆ. ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ಗಂಟಲಿನಿಂದ ಹತ್ತಿಯಲ್ಲಿ ಒರೆಸಿ ತೆಗೆಯುತ್ತಾರೆ. “ಚೆನ್ನಾಗಿದಾನಲ್ಲ, ಯಾಕೆ ಸುಮ್ನೆ ಅಷ್ಟು ದೂರ” ಅಂತ ಆ ಭೇಟಿ ತಪ್ಪಿಸಬೇಡಿ.

ಬರ್ಕ್‌ಹೋಲ್ಡೇರಿಯಾ ಅಂತ ಇನ್ನೊಂದು ಗುಂಪಿದೆ, ಅಪರೂಪ ಆದರೆ ಹಟಮಾರಿ. ಅದು ಮೊದಲು ಗೊತ್ತಾಗಿದ್ದು ಈರುಳ್ಳಿ ಕೊಳೆಸುವ ರೋಗಾಣುವಾಗಿ, 1950ರಲ್ಲಿ. ಹಾಗಂತ ಅಡುಗೆಗೆ ಈರುಳ್ಳಿ ಹಾಕುವುದಕ್ಕೆ ಯಾರೂ ಹೆದರಬೇಕಿಲ್ಲ. ಹುಲ್ಲಿನ ಮೆದೆ, ತಿಪ್ಪೆ, ಬೂಸ್ಟು ಹಿಡಿದ ಗೋಣಿಚೀಲ ಇವುಗಳ ಹತ್ತಿರ ಮಾತ್ರ ಜಾಗ್ರತೆ, ಅಲ್ಲಿನ ಬೂಸ್ಟಿನ ಪುಡಿಯೂ ಈ ಮಕ್ಕಳ ಎದೆಯಲ್ಲಿ ಅಲರ್ಜಿ ಎಬ್ಬಿಸುತ್ತದೆ.

ಸಿಎಫ್ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ಮಗುವಿನ ಜೊತೆ ಬೇರೆ ಮಕ್ಕಳು ಆಡಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಆದರೆ ಸಿಎಫ್ ಇರುವ ಇಬ್ಬರು ಮಕ್ಕಳು ಹತ್ತಿರ ಹತ್ತಿರ ಇರಬಾರದು. ಒಬ್ಬರ ಎದೆಯ ಹಟಮಾರಿ ಕ್ರಿಮಿ ಇನ್ನೊಬ್ಬರಿಗೆ ಹೋಗಬಹುದು. ಆರಡಿ ದೂರ ಅನ್ನುವುದು ಇವರಿಗೆ ಕೊರೊನಾಕ್ಕೆ ಮುಂಚಿನಿಂದಲೂ ಇದ್ದ ನಿಯಮ.

ಕೆಮ್ಮುವ ಮಕ್ಕಳಿಗೆಲ್ಲ ಇದೇನಾ?

ಅಲ್ಲ. ಇದನ್ನು ಓದಿ ಯಾರೂ ಗಾಬರಿಯಾಗಬೇಡಿ. ಪದೇ ಪದೇ ನ್ಯುಮೋನಿಯಾ ಅಂತ ವೈದ್ಯರು ಕರೆಯುವುದು, ವರ್ಷದಲ್ಲಿ ಎರಡು ಸಲ ಅಥವಾ ಇದುವರೆಗೆ ಮೂರು ಸಲ ಬಂದಿದ್ದರೆ, ನಡುವೆ ಎಕ್ಸ್‌ರೇ ಸರಿಹೋಗಿದ್ದರೆ. ಅದಕ್ಕೆ ಕಾರಣ ಹಲವು: ಅಸ್ತಮಾ, ಟಿ.ಬಿ., ಹೃದಯದಲ್ಲಿ ರಂಧ್ರ, ಹಾಲು ನೆತ್ತಿಗೆ ಹತ್ತಿ ಶ್ವಾಸನಾಳಕ್ಕೆ ಹೋಗುವುದು, ಯಾವತ್ತೋ ಸಿಕ್ಕಿಕೊಂಡ ಕಡಲೆಕಾಯಿ ಬೀಜ, ರೋಗನಿರೋಧಕ ಶಕ್ತಿಯ ನಿಜವಾದ ಕೊರತೆ, ಒಲೆಯ ಹೊಗೆ. ಇವುಗಳ ನಡುವೆ ಸಿಎಫ್ ಒಂದು.

ಕೆಮ್ಮಿನ ಜೊತೆ ಬೇರೆ ಸುಳಿವು ಇದ್ದಾಗ ಸಿಎಫ್ ನೆನಪಾಗಬೇಕು. ಮಗು ಹಸಿವು ಹಸಿವು ಅನ್ನುತ್ತದೆ, ತಿನ್ನುತ್ತದೆ, ಮೈ ಹತ್ತುವುದಿಲ್ಲ. ಮಲ ಜಾಸ್ತಿ, ಜಿಡ್ಡು ಜಿಡ್ಡು, ತುಂಬಾ ವಾಸನೆ, ನೀರಿನಲ್ಲಿ ತೇಲುತ್ತದೆ. ಯಾಕೆಂದರೆ ಮೇದೋಜೀರಕ ಗ್ರಂಥಿಯ ಸಣ್ಣ ಕೊಳವೆಗಳೂ ಇದೇ ಗಟ್ಟಿ ಅಂಟಿನಿಂದ ಮುಚ್ಚಿಕೊಂಡು, ಕೊಬ್ಬು ಅರಗಿಸುವ ರಸ ಕರುಳಿಗೆ ಬರುವುದೇ ಇಲ್ಲ. ಕೆಲವು ಮಕ್ಕಳಿಗೆ ಹುಟ್ಟಿದಾಗಲೇ ಮೊದಲ ಕಪ್ಪು ಮಲ ಕರುಳಿನಲ್ಲಿ ಕಟ್ಟಿಕೊಂಡು ಆಪರೇಷನ್ ಆಗಿರುತ್ತದೆ. ಬೆರಳ ತುದಿ ಡೊಳ್ಳಗಾಗಿರುತ್ತದೆ. ಮೂಗಿನಲ್ಲಿ ದುರ್ಮಾಂಸ. ಹಿಂದೆ ಅದೇ ಮನೆಯಲ್ಲಿ ಕೆಮ್ಮಿ ಕೆಮ್ಮಿ ಒಂದು ಮಗು ತೀರಿಹೋಗಿರಬಹುದು.

ಇನ್ನೊಂದು ಸುಳಿವು ಉಪ್ಪು. ನಮ್ಮ ನೆಂಟರ ಮನೆಯಲ್ಲಿ ಮಗುವಿನ ಹಣೆಗೆ ಮುತ್ತಿಟ್ಟು ಅಜ್ಜಿ ಒಂದು ವರ್ಷದ ಹಿಂದೆಯೇ ಹೇಳಿದ್ದರಂತೆ, “ಇದ್ಯಾಕವ್ವ, ಕೂಸು ಇಷ್ಟು ಉಪ್ಪುಪ್ಪಾಗದೆ?” ಬೆವರು ಒಣಗಿದ ಮೇಲೆ ಹಣೆಯ ಮೇಲೆ ಬಿಳಿ ಪುಡಿ ಕಾಣುತ್ತಿತ್ತು. ಆ ಮಾತು ಯಾವ ವೈದ್ಯರ ಕಿವಿಗೂ ಬೀಳಲಿಲ್ಲ, ಹೇಳಬೇಕು ಅಂತ ಮನೆಯವರಿಗೂ ಗೊತ್ತಿರಲಿಲ್ಲ.

ಬೆವರೇ ಸಾಕ್ಷಿ

ಶ್ವಾಸನಾಳದಲ್ಲಿ ಉಪ್ಪು ಹೊರಗೆ ಬರುತ್ತಿಲ್ಲ ಅಂದಮೇಲೆ ಬೆವರಿನಲ್ಲಿ ಉಪ್ಪು ಜಾಸ್ತಿ ಹೇಗೆ? ನನಗೂ ಇದು ಗೊಂದಲವಾಗಿತ್ತು. ಬೆವರಿನ ಗ್ರಂಥಿಯಲ್ಲಿ ಈ ತೂಬಿನ ಕೆಲಸ ತಿರುಗಾಮುರುಗಾ. ಬೆವರು ಗ್ರಂಥಿಯ ತಳದಲ್ಲಿ ಹುಟ್ಟುವಾಗ ಉಪ್ಪಾಗೇ ಇರುತ್ತದೆ. ಕೊಳವೆಯಲ್ಲಿ ಮೇಲೆ ಬರುವ ದಾರಿಯಲ್ಲಿ ದೇಹ ತೂಬು ತೆರೆದು ಉಪ್ಪನ್ನು ವಾಪಸ್ ಎಳೆದುಕೊಳ್ಳುತ್ತದೆ. ತೂಬು ಕೆಟ್ಟರೆ ಉಪ್ಪು ವಾಪಸ್ ಬರುವುದಿಲ್ಲ, ಬೆವರಿನ ಜೊತೆ ಹೊರಗೆ ಹೋಗುತ್ತದೆ. 1948ರಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಸೆಕೆ ಬಿದ್ದಾಗ ಬಳಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಸಿಎಫ್ ಇದ್ದವರು ಜಾಸ್ತಿ ಇದ್ದರು. ಪಾಲ್ ಡಿ ಸಾಂಟ್'ಆಗ್ನೀಸ್ ಎಂಬ ವೈದ್ಯರು ಇದನ್ನು ಗಮನಿಸಿ ಬೆವರಿನ ಹಿಂದೆ ಬಿದ್ದರು. ಅದರಿಂದಲೇ ಇವತ್ತಿನ ಪರೀಕ್ಷೆ ಹುಟ್ಟಿದ್ದು.

ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ. ಮಗುವಿನ ಮುಂಗೈ ಮೇಲೆ ಬೆವರು ತರಿಸುವ ಪೈಲೋಕಾರ್ಪಿನ್ ಔಷಧಿ ಇಟ್ಟು, ಜುಮ್ಮೆನ್ನುವಷ್ಟು ಸಣ್ಣ ಕರೆಂಟ್ ಹಾಯಿಸುತ್ತಾರೆ. ಆಮೇಲೆ ಅರ್ಧ ಗಂಟೆ ಬೆವರು ಕೂಡಿಸಿ ಅದರಲ್ಲಿ ಕ್ಲೋರೈಡ್ ಎಷ್ಟಿದೆ ಅಂತ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚಿದ್ದರೆ ಸಿಎಫ್ ಕಡೆಗೆ ಬಲವಾದ ಸಾಕ್ಷಿ. 30ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅಲ್ಲ. ನಡುವೆ ಇದ್ದರೆ ಮತ್ತೆ ಪರೀಕ್ಷೆ, ಜೀನ್ ಪರೀಕ್ಷೆ.

ಕಷ್ಟ ಇರುವುದು ಪರೀಕ್ಷೆ ಎಲ್ಲ ಕಡೆ ಸಿಗದೇ ಇರುವುದರಲ್ಲಿ. ಅಮೆರಿಕ, ಬ್ರಿಟನ್‌ನಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಸಿಎಫ್ ಅನುಮಾನ ಇದೆಯಾ ಅಂತ ನೋಡಿಬಿಡುತ್ತಾರೆ. ನಮ್ಮಲ್ಲಿ ಅದು ಎಲ್ಲ ಮಕ್ಕಳಿಗೂ ಇಲ್ಲ. ಹಾಗಾಗಿ ಅನುಮಾನ ಪಡುವ ಕೆಲಸ ಮನೆಯವರು ಮತ್ತು ವೈದ್ಯರ ಮೇಲೇ ಬೀಳುತ್ತದೆ. ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬದಂಥ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ “ಬೆವರಿನ ಕ್ಲೋರೈಡ್ ಪರೀಕ್ಷೆ ಬೇಕಾ, ಬೇಕಿದ್ದರೆ ಎಲ್ಲಿಗೆ ಬರೆದುಕೊಡುತ್ತೀರಿ” ಅಂತ ನೇರವಾಗಿ ಕೇಳಿ. ವೆಲ್ಲೂರಿನ ಸಿಎಂಸಿ, ದೆಹಲಿಯ ಏಮ್ಸ್‌ನಲ್ಲಿ ಸಿಎಫ್ ಮಕ್ಕಳನ್ನು ಬಹಳ ವರ್ಷಗಳಿಂದ ನೋಡುತ್ತಿದ್ದಾರೆ. ಹೋಗುವಾಗ ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಮಗುವಿನ ತೂಕ ಬರೆದ ತಾಯಿ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿರಲಿ.

ದಿನಾ ಹೂಳು ಎತ್ತುವುದು

ನಾಲೆಯಲ್ಲಿ ಹೂಳು ತುಂಬಿ ನೀರು ನಿಂತ ಮೇಲೆ ಎತ್ತುವುದು ಒಂದು, ತುಂಬದ ಹಾಗೆ ಆಗಾಗ ಎತ್ತುತ್ತಾ ಇರುವುದು ಇನ್ನೊಂದು. ಸಿಎಫ್‌ನಲ್ಲಿ ಎರಡನೆಯದೇ ಚಿಕಿತ್ಸೆಯ ಜೀವಾಳ. ಜ್ವರ ಇರಲಿ ಬಿಡಲಿ, ದಿನಕ್ಕೆ ಎರಡು ಸಲ ಎದೆಯ ಕಫ ತೆಗೆಯಬೇಕು.

ಒಂದು ಕ್ರಮ ಇದೆ. ಮೊದಲು ಶ್ವಾಸನಾಳ ಅಗಲ ಮಾಡುವ ಔಷಧಿ. ಆಮೇಲೆ ನೆಬುಲೈಸರ್‌ನಲ್ಲಿ ಗಟ್ಟಿ ಉಪ್ಪುನೀರು, ಅಂದರೆ ಮಾಮೂಲಿ ಸಲೈನ್‌ಗಿಂತ ಹೆಚ್ಚು ಉಪ್ಪಿರುವ 3ರಿಂದ 7 ಪರ್ಸೆಂಟಿನದು. ಮತ್ತೆ ಆ ಸೌತೆಕಾಯಿ ನೆನಪಿಸಿಕೊಳ್ಳಿ, ಉಪ್ಪು ಮೇಲೆ ಬಿದ್ದರೆ ನೀರು ಹೊರಗೆ ಬರುತ್ತದೆ, ಪಾಕ ಸ್ವಲ್ಪ ತೆಳ್ಳಗಾಗುತ್ತದೆ. ಇದನ್ನು ಮನೆಯಲ್ಲಿ ಉಪ್ಪು ಕದಡಿ ಮಾಡಿಕೊಳ್ಳಬಾರದು, ಕ್ರಿಮಿಯಿಲ್ಲದ ಔಷಧಿ ಅಂಗಡಿಯದೇ ಬೇಕು. ಡಾರ್ನೇಸ್ ಆಲ್ಫಾ ಅನ್ನುವ ಇನ್ನೊಂದು ಔಷಧಿ, ಸತ್ತ ಬಿಳಿಕಣಗಳ ಆ ಡಿಎನ್‌ಎ ನೂಲನ್ನು ಕತ್ತರಿಸುತ್ತದೆ. ಇದು ದುಬಾರಿ.

ಕಫ ಸಡಿಲವಾದ ಮೇಲೆ ಅದನ್ನು ಅಲ್ಲಾಡಿಸಿ ಹೊರಗೆ ತರುವುದು. ಎಳೆ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿ, ಅಂಗೈ ಬೊಗಸೆ ಮಾಡಿಕೊಂಡು ಎದೆ, ಬೆನ್ನು, ಪಕ್ಕೆ ತಟ್ಟುತ್ತಾರೆ. ತಟ್ಟಿದಾಗ ಪೊಳ್ಳು ಸದ್ದು ಬರಬೇಕು, ಚರ್ಮಕ್ಕೆ ಏಟು ಬೀಳಬಾರದು. ಫಿಸಿಯೋಥೆರಪಿಯವರ ಹತ್ತಿರ ಕೂತು ಕಲಿತರೆ ಯಾರು ಬೇಕಾದರೂ ಮಾಡಬಹುದು. ದೊಡ್ಡ ಮಕ್ಕಳು ನೀರು ತುಂಬಿದ ಬಾಟಲಿಯಲ್ಲಿ ಕೊಳವೆ ಇಟ್ಟು ಗುಳುಗುಳು ಅಂತ ಊದುವುದೂ ಒಂದು ವಿಧಾನ, ಅವರಿಗೆ ಆಟವೂ ಆಯಿತು. ಊಟಕ್ಕೆ ಮುಂಚೆ ಮಾಡಬೇಕು, ಇಲ್ಲದಿದ್ದರೆ ವಾಂತಿಯಾಗುತ್ತದೆ. ನೆಬುಲೈಸರ್‌ನಲ್ಲಿ ಎಳೆದುಕೊಳ್ಳುವ ಆಂಟಿಬಯೋಟಿಕ್ ಇದ್ದರೆ ಅದು ಕೊನೆಗೆ, ದಾರಿ ಚೊಕ್ಕವಾದ ಮೇಲೆ. ಓಡಾಟ, ಕುಣಿತ, ಸೈಕಲ್ ಎಲ್ಲ ಒಳ್ಳೆಯದೇ. ಕೆಮ್ಮು ಬರುತ್ತೆ ಅಂತ ಮಗುವನ್ನು ಕೂರಿಸಬೇಡಿ. ಈ ಮಕ್ಕಳ ಕೆಮ್ಮು ತಡೆಯಬೇಕಾದ್ದಲ್ಲ, ಕೆಮ್ಮು ನಿಲ್ಲಿಸುವ ಸಿರಪ್ ವೈದ್ಯರನ್ನು ಕೇಳದೆ ಕೊಡಬಾರದು.

ನೆಬುಲೈಸರ್ ವಿಷಯದಲ್ಲಿ ಒಂದು ಎಚ್ಚರ. ಒದ್ದೆ ಬಿಟ್ಟರೆ ಅದರಲ್ಲೇ ಸೂಡೊಮೊನಾಸ್ ಬೆಳೆದು, ಔಷಧಿಯ ಜೊತೆ ನಾವೇ ಅದನ್ನು ಎದೆಗೆ ಕಳಿಸಿದ ಹಾಗಾಗುತ್ತದೆ. ಪ್ರತಿ ಸಲ ಬಟ್ಟಲು, ಮುಖವಾಡ ಸೋಪುನೀರಿನಲ್ಲಿ ತೊಳೆದು, ಕುದಿಸಬಹುದಾದ ಭಾಗಗಳನ್ನು ಐದು ನಿಮಿಷ ಕುದಿಸಿ, ಗಾಳಿಗೆ ಪೂರ್ತಿ ಒಣಗಿಸಬೇಕು.

ಸೋಂಕು ಬಂದೇ ಬಿಟ್ಟಾಗ ಆಂಟಿಬಯೋಟಿಕ್ ಕೋರ್ಸ್ ಬೇರೆ ಮಕ್ಕಳಿಗಿಂತ ಉದ್ದ, ಸಾಮಾನ್ಯವಾಗಿ ಎರಡು ವಾರ, ಡೋಸ್ ಕೂಡ ಹೆಚ್ಚು. ಐದನೇ ದಿನಕ್ಕೆ ಮಗು ನಗುತ್ತಿದೆ ಅಂತ ನಿಲ್ಲಿಸಿದರೆ ಅರೆಸತ್ತ ಕ್ರಿಮಿಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ. ಮಾಮೂಲಿ ಲಸಿಕೆಗಳ ಜೊತೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯೂ ಬೇಕು. ಮನೆ ಹತ್ತಿರ ಆಲೆಮನೆಯಿದ್ದರೆ, ಕಬ್ಬು ಕಡಿದ ಮೇಲೆ ಒಣ ಸೋಗೆಗೆ ಬೆಂಕಿ ಹಾಕುವ ದಿನಗಳಲ್ಲಿ, ಮಗುವನ್ನು ಬೇರೆ ಕಡೆ ಇಟ್ಟುಕೊಳ್ಳಲು ಆದರೆ ಇಟ್ಟುಕೊಳ್ಳಿ. ಬೀಡಿ, ಸಿಗರೇಟ್ ಮನೆಯೊಳಗೆ ಬೇಡವೇ ಬೇಡ.

ತುಪ್ಪ ಬೇಕು, ಉಪ್ಪೂ ಬೇಕು

ನಮ್ಮ ಕಡೆ ಕೆಮ್ಮು ಅಂದ ತಕ್ಷಣ ತುಪ್ಪ, ಎಣ್ಣೆ, ಬಾಳೆಹಣ್ಣು, ಮೊಸರು ಎಲ್ಲ ಬಂದ್. ಈ ಮಗುವಿಗೆ ಹಾಗೆ ಮಾಡಿದರೆ ಸೋಂಕು ಇನ್ನೂ ಹೆಚ್ಚುತ್ತದೆ. ಉಸಿರಾಡಲು, ಕೆಮ್ಮಲು, ಸೋಂಕಿನ ಜೊತೆ ಹೋರಾಡಲು ಅದಕ್ಕೆ ಬೇರೆ ಮಕ್ಕಳಿಗಿಂತ ಜಾಸ್ತಿ ಊಟ ಬೇಕು. ತೂಕ ಚೆನ್ನಾಗಿರುವ ಮಕ್ಕಳ ಶ್ವಾಸಕೋಶವೂ ಚೆನ್ನಾಗಿರುತ್ತದೆ ಅಂತ ವೈದ್ಯರು ಒತ್ತಿ ಹೇಳುತ್ತಾರೆ. ರಾಗಿ ಅಂಬಲಿಗೆ ತುಪ್ಪ, ಮೊಟ್ಟೆ, ಕಡಲೆಕಾಯಿ ಪುಡಿ, ಬೆಣ್ಣೆಹಣ್ಣು ಎಲ್ಲ ಆಗಬಹುದು. ಅದು ಅರಗಬೇಕಲ್ಲ, ಅದಕ್ಕೆ ಮೇದೋಜೀರಕ ರಸದ ಕ್ಯಾಪ್ಸೂಲ್‌ಗಳಿವೆ. ಪ್ರತಿ ಊಟದ ಜೊತೆ ಕೊಡಬೇಕು. ಒಳಗಿನ ಸಣ್ಣ ಕಾಳುಗಳನ್ನು ಅಗಿಯಬಾರದು, ಬಿಸಿ ಹಾಲಿಗೋ ಗಂಜಿಗೋ ಬೆರೆಸಬಾರದು. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆ ಬರುವವು, ಅವನ್ನು ಬೇರೆಯಾಗಿ ಕೊಡುತ್ತಾರೆ.

ಏಪ್ರಿಲ್, ಮೇ ಸೆಕೆಯಲ್ಲಿ ಹುಷಾರು. ಬೆವರಿನಲ್ಲಿ ಉಪ್ಪು ಸೋರಿಹೋಗಿ ಎಳೆಮಕ್ಕಳು ಭೇದಿ ಇಲ್ಲದೆಯೂ ಸೊರಗುತ್ತವೆ, ವಾಂತಿ ಮಾಡಿಕೊಳ್ಳುತ್ತವೆ, ಮಂಕಾಗುತ್ತವೆ. ಬಿಸಿಲಿನ ದೇಶಗಳಲ್ಲಿ ಕೆಲವು ಕೂಸುಗಳಿಗೆ ಸಿಎಫ್ ಮೊದಲು ಗೊತ್ತಾಗುವುದೇ ಹೀಗೆ. ಎಷ್ಟು ಉಪ್ಪು ಸೇರಿಸಬೇಕು ಅಂತ ವೈದ್ಯರು ವಯಸ್ಸು, ತೂಕ ನೋಡಿ ಹೇಳುತ್ತಾರೆ. ದೊಡ್ಡ ಮಕ್ಕಳಿಗೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕೈಗೆ ಸಿಗುವ ಹಾಗಿರಲಿ.

ತೂಬನ್ನೇ ರಿಪೇರಿ ಮಾಡುವ ಮಾತ್ರೆ

ಇಲ್ಲಿವರೆಗೆ ಹೇಳಿದ್ದೆಲ್ಲ ತೂಬು ಕೆಟ್ಟದ್ದರಿಂದ ಆಗುವ ತೊಂದರೆಗೆ ಚಿಕಿತ್ಸೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐವಾಕಾಫ್ಟರ್ ಮೊದಲ ಸಲ ತೂಬಿನ ಬಾಗಿಲನ್ನೇ ತೆರೆಸಿತು. 2019ರಲ್ಲಿ ಮೂರು ಔಷಧಿ ಸೇರಿದ ಮಾತ್ರೆ ಬಂತು. ಸೋಂಕು, ಆಸ್ಪತ್ರೆ ವಾಸ ಎರಡನ್ನೂ ಇವು ತುಂಬಾ ಕಡಿಮೆ ಮಾಡಿವೆ. ಆದರೆ ಎಲ್ಲರಿಗೂ ಆಗುವುದಿಲ್ಲ. ಜೀನ್‌ನಲ್ಲಿ ಯಾವ ಬದಲಾವಣೆ ಇದೆ ಅನ್ನುವುದರ ಮೇಲೆ ನಿಂತಿದೆ. ಯುರೋಪಿನವರಲ್ಲಿ ಅತಿ ಸಾಮಾನ್ಯವಾದ ಎಫ್508ಡೆಲ್ ಎಂಬ ಬದಲಾವಣೆ ನಮ್ಮ ಮಕ್ಕಳಲ್ಲಿ ಅಷ್ಟು ಸಾಮಾನ್ಯವಲ್ಲ. ಬೆಲೆಯಂತೂ ಅಮೆರಿಕದಲ್ಲಿ ವರ್ಷಕ್ಕೆ ಮೂರು ಲಕ್ಷ ಡಾಲರ್‌ಗೂ ಹೆಚ್ಚು. ಒಂದು ಮಗುವಿನ ಉಸಿರಿಗೆ ಈ ಬೆಲೆ ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಸಿಎಫ್ ಹೆಸರಿದೆ. ಆ ನೀತಿಯಲ್ಲಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ಸಹಾಯಕ್ಕೆ ಅವಕಾಶವಿದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಕೇಂದ್ರ. ಯಾವ ಔಷಧಿಗೆ, ಯಾವ ಮಗುವಿಗೆ ಸಿಗುತ್ತದೆ ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ. ಹೆಸರು ನೋಂದಾಯಿಸಿಡಿ.

ಇದು ಯಾರ ತಪ್ಪು? ಮುಂದಿನ ಮಗುವಿಗೆ?

ಯಾರ ತಪ್ಪೂ ಅಲ್ಲ. ತೂಬಿನ ಜೀನ್ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತದೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಸರಿಯಿದ್ದರೆ ಸಾಕು, ಆರೋಗ್ಯವಾಗಿರುತ್ತಾರೆ. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದು, ಆ ಎರಡೂ ಮಗುವಿಗೆ ಬಂದಾಗ ಮಾತ್ರ ಸಿಎಫ್. ಅಂದರೆ ಇದು ತಾಯಿಯೊಬ್ಬಳಿಂದ ಬರುವ ಕಾಯಿಲೆಯಲ್ಲ. ಸೊಸೆಯ ಕಡೆ ಬೆರಳು ತೋರಿಸುವವರು ಇದನ್ನು ಎರಡು ಸಲ ಓದಬೇಕು.

ಸೋದರಮಾವ, ಅತ್ತೆ ಮಗ ಅಂತ ಒಳಗಿನವರಲ್ಲೇ ಮದುವೆಯಾದಾಗ ಇಂಥ ಜೋಡಿ ಸೇರುವ ಸಾಧ್ಯತೆ ಹೆಚ್ಚು. ಅತ್ತೆ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಭಾಗದಷ್ಟು ಜೀನ್ ಹಂಚಿಕೆ ಇರುತ್ತದೆ, ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕನೇ ಒಂದು ಭಾಗ. ಹೊರಗಿನ ಸಂಬಂಧದಲ್ಲೂ ಬರುತ್ತದೆ, ಬರುವುದೇ ಇಲ್ಲ ಅಂತಲ್ಲ.

ಇಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಸಾಧ್ಯತೆ ನಾಲ್ಕರಲ್ಲಿ ಒಂದು. ಡಬ್ಬಿಯಲ್ಲಿ ನಾಲ್ಕು ಚೀಟಿ ಇಟ್ಟು ಒಂದು ಎತ್ತಿ, ನೋಡಿ, ಮತ್ತೆ ಡಬ್ಬಿಗೇ ಹಾಕಿದ ಹಾಗೆ. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರಕ್ಕೆ ಭಯವಿಲ್ಲ ಅನ್ನುವ ಲೆಕ್ಕ ತಪ್ಪು. ಈಗಿರುವ ಅಣ್ಣ, ತಂಗಿಗೂ ಒಮ್ಮೆ ಬೆವರಿನ ಪರೀಕ್ಷೆ ಮಾಡಿಸಬೇಕು, ಚೆನ್ನಾಗಿ ಕಂಡರೂ ಸರಿ.

ಮುಂದಿನ ಬಸಿರಿನಲ್ಲಿ ಸುಮಾರು 11ರಿಂದ 13ನೇ ವಾರದಲ್ಲಿ ಮಾಸಿನ ಸಣ್ಣ ಚೂರು ತೆಗೆದು ನೋಡಬಹುದು. ಆದರೆ ಲ್ಯಾಬಿನವರಿಗೆ ಏನನ್ನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. 2000ಕ್ಕೂ ಹೆಚ್ಚು ಬದಲಾವಣೆಗಳಲ್ಲಿ ನಿಮ್ಮ ಮನೆಯವು ಯಾವ ಎರಡು ಅಂತ ಹೇಳುವುದು ಮೊದಲ ಮಗುವಿನ ಜೀನ್ ರಿಪೋರ್ಟ್. ಹಾಗಾಗಿ ಬಸಿರಾಗುವುದಕ್ಕೆ ಮುಂಚೆಯೇ ಆ ಪರೀಕ್ಷೆ ಮಾಡಿಸಿ, ತಂದೆ ತಾಯಿಯ ರಕ್ತವನ್ನೂ ಹೋಲಿಸಿ ನೋಡಿಸಿ. ರಿಪೋರ್ಟಿನ ಜೆರಾಕ್ಸ್ ಒಂದು ತವರಲ್ಲಿ, ಒಂದು ಗಂಡನ ಮನೆಯಲ್ಲಿ, ಫೋಟೋ ಒಂದು ಫೋನಿನಲ್ಲಿ ಇರಲಿ.